ಜಲಮಲ್ಲನ ಏಳು ಸಂಚಿಕೆಗಳು

ಅಗಸಿ ಹುರಿಯುವ ವಾಸನೆ ಮೂಗಿಗೆ ಬಿದ್ದರೆ ನಮ್ಮ ಕಡೆಯವರಿಗೆ ಬಿಸಿ ರೊಟ್ಟಿ, ಚಟ್ನಿಪುಡಿ, ಅದರ ಮೇಲೆ ಬಿಟ್ಟುಕೊಳ್ಳುವ ಎಣ್ಣೆ ನೆನಪಾಗುತ್ತದೆ. ನನಗೆ ಮಾತ್ರ ಒಂದು ಪುಸ್ತಕ ನೆನಪಾಗುತ್ತದೆ. ಮೊನ್ನೆ ಹುಕ್ಕೇರಿಯಲ್ಲಿ ಶಾಲೆ ಬಿಟ್ಟು ಮನೆಗೆ ನಡೆದು ಬರುತ್ತಿದ್ದೆ. ಓಣಿಯ ಯಾವುದೋ ಮನೆಯಲ್ಲಿ ಅಗಸಿ ಹುರಿಯುತ್ತಿದ್ದರು. ಕೈಯಲ್ಲಿದ್ದ ಉತ್ತರಪತ್ರಿಕೆಗಳ ಚೀಲವನ್ನು ಯಾರದೋ ಕಟ್ಟೆಯ ಮೇಲಿಟ್ಟು ಅಲ್ಲಿಯೇ ನಿಂತುಬಿಟ್ಟೆ. ಆ ವಾಸನೆಯಲ್ಲಿ ನೀಲವ್ವ ಅತ್ತಿ ಒಲೆಯ ಮುಂದೆ ಕೂತಿದ್ದಳು. ಹಂಚಿನ ಮೇಲೆ ಅವಳು ಕಾಯಿಸುತ್ತಿದ್ದದ್ದು ಅಗಸಿಯಲ್ಲ, ಕಂದು ಬಣ್ಣದ ದಪ್ಪ ಹಾಸಿನ ತುಂಡು. ಹಿಂದೆ ಸಾಹೇಬರ ಬಂಗಲೆಗಳಲ್ಲಿ ನೆಲಕ್ಕೆ ಹಾಸುತ್ತಿದ್ದರಲ್ಲ, ಲಿನೋಲಿಯಂ, ಅದು. ಅದನ್ನು ಅಗಸೆ ಎಣ್ಣೆಯಿಂದಲೇ ಮಾಡುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ಬಿಸಿಯಾದರೆ ಅದು ಬೆಣ್ಣೆಯಂತೆ ಮೆತ್ತಗಾಗುತ್ತದೆ, ಆಗ ಅತ್ತಿ ಅದರಲ್ಲಿ ಮನುಷ್ಯರನ್ನು ಕೊರೆಯುತ್ತಾಳೆ.

ನಮ್ಮ ಮನೆ ಮೂಡಲಗಿಯ ಪೇಟೆಯಲ್ಲಿತ್ತು. ರಸ್ತೆಯ ಕಡೆ ದೊಡ್ಡಪ್ಪನ ಛಾಪಖಾನೆ, ಅದರ ಹಿಂದೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಕೊನೆಗೆ ಬಚ್ಚಲಿನ ಪಕ್ಕದ ಒಂದು ಸಣ್ಣ ಕೋಣೆ. ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು. ಮುಂದಿನ ಬಾಗಿಲಿನಿಂದ ಬಂದ ಬೆಳಕು ಪಡಸಾಲೆಯವರೆಗೆ ಬಂದು ನಿಂತುಬಿಡುತ್ತಿತ್ತು. ಕಾಲಿನಿಂದ ತುಳಿಯುವ ಯಂತ್ರ ಬೆಳಗಿನಿಂದ ಸಂಜೆಯತನಕ ಧಡಕ್ ಧಡಕ್ ಎಂದು ಬಾಯಿ ತೆರೆದು ಮುಚ್ಚುತ್ತಿತ್ತು. ಅದು ನಿಂತಾಗಲೇ ನಮಗೆ ಗಾಬರಿ. ಲಗ್ನಪತ್ರಿಕೆ, ಪಾವತಿ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ಲು, ಚುನಾವಣೆಯ ಚೀಟಿ ಎಲ್ಲಾ ಅಲ್ಲೇ. ದೊಡ್ಡಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಾಗಿಲ ಬಳಿಯ ಮೇಜಿನ ಮುಂದೆ ಕೂರುತ್ತಿದ್ದ. ಚನ್ನಪ್ಪ ಕಾಕಾ ಒಳಗೆ ನಿಂತು ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಕೂಡಿಸುತ್ತಿದ್ದ. ನನ್ನ ಅಪ್ಪ ನಾನು ಎರಡು ವರ್ಷದವಳಿದ್ದಾಗ ತೀರಿಕೊಂಡಿದ್ದ. ಅವ್ವ, ದೊಡ್ಡವ್ವ, ದೊಡ್ಡಪ್ಪನ ತಂಗಿಯಾದ ಅತ್ತಿ, ಮೂವರೂ ಒಳಗಿನವರು. ಅವ್ವ, ದೊಡ್ಡವ್ವ ಆಗೀಗ ಹೊರಗೆ ಹೋಗುತ್ತಿದ್ದರು. ಅತ್ತಿ ಹೋಗುತ್ತಿರಲಿಲ್ಲ.

ಅವಳನ್ನು ಕೊಣ್ಣೂರಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಒಂದು ಟ್ರಂಕಿನೊಂದಿಗೆ ಒಬ್ಬಳೇ ಬಸ್ಸಿನಲ್ಲಿ ತಿರುಗಿ ಬಂದಳು. ಏನಾಯಿತೆಂದು ನಮಗೆ ಮಕ್ಕಳಿಗೆ ಯಾರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಬಲಗಿವಿಯ ಹಾಲೆ ಹರಿದಿತ್ತು, ಆ ಕಿವಿಗೆ ಅವಳು ಮತ್ತೆ ಓಲೆ ಹಾಕಲಿಲ್ಲ. ನನಗೆ ಗೊತ್ತಿರುವುದು ಅಷ್ಟೇ. ಗಂಡನ ಮನೆಯವರು ಕರೆಯಲಿಕ್ಕೆ ಬರಲಿಲ್ಲ, ಬಿಟ್ಟೆವೆಂದೂ ಹೇಳಲಿಲ್ಲ. ಬಂದರೆ ಏನು ಹೇಳುವುದು, ಬರದಿದ್ದರೆ ಏನು ಮಾಡುವುದು ಎಂಬ ಗೊಂದಲದಲ್ಲೇ ಮನೆಯವರು ಒಂದು ನಿರ್ಧಾರಕ್ಕೆ ಬಂದಂತಿತ್ತು: ಅವಳು ಯಾರ ಕಣ್ಣಿಗೂ ಬೀಳಬಾರದು. ಯಾರೂ ಬಾಗಿಲು ಹಾಕಿ ಕೀಲಿ ಜಡಿಯಲಿಲ್ಲ. ಯಾರೂ ಬೈಯಲೂ ಇಲ್ಲ. ಪಡಸಾಲೆಗೆ ಯಾರಾದರೂ ಬಂದರೆ ದೊಡ್ಡವ್ವ ಮೆಲ್ಲಗೆ "ನೀಲಾ, ಸ್ವಲ್ಪ ಒಳಗ ನಡಿ" ಅನ್ನುತ್ತಿದ್ದಳು. ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದಳೋ. ಕೊನೆಕೊನೆಗೆ ಹೇಳುವ ಮೊದಲೇ ಅತ್ತಿ ಎದ್ದು ಹೋಗುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇದ್ದಿರಬಹುದು. ಅಂಥವರಿಗೆ ಹೊಸ್ತಿಲು ಎಷ್ಟು ಎತ್ತರ ಕಾಣುತ್ತದೆಂದು ನಾವು ಯಾರೂ ಕೇಳಿರುವುದಿಲ್ಲ.

ಕೊರೆಯುವುದು ಶುರುವಾದದ್ದು ಒಂದು ಲಗ್ನಪತ್ರಿಕೆಯಿಂದ. ಪತ್ರಿಕೆಯ ತಲೆಯ ಮೇಲೆ ಹಾಕುವ ನಂದಿಯ ಅಚ್ಚು ಸವೆದು, ನಂದಿಗೆ ಮುಖವೇ ಇಲ್ಲದಂತಾಗಿತ್ತು. ಹೊಸ ಅಚ್ಚು ಬೆಳಗಾವಿಯಿಂದ ಬರಬೇಕು, ಪತ್ರಿಕೆ ನಾಳೆಯೇ ಬೇಕು. ದೊಡ್ಡಪ್ಪ ಗೋಕಾಕ ಫಾಲ್ಸಿನ ಒಂದು ಹಳೆಯ ಬಂಗಲೆಯ ಹರಾಜಿನಲ್ಲಿ ಕುರ್ಚಿ, ಕಪಾಟುಗಳ ಜೊತೆ ನೆಲದ ಹಾಸನ್ನೂ ಎತ್ತಿಕೊಂಡು ಬಂದಿದ್ದ. ಅದರ ಒಂದು ತುಂಡನ್ನು ಅತ್ತಿ ಹಂಚಿನ ಮೇಲೆ ಕಾಯಿಸಿ, ಮುರಿದ ಛತ್ರಿಯ ಕಡ್ಡಿಯನ್ನು ಕಲ್ಲಿಗೆ ಮಸೆದು, ಅದರ ಗುಳಿಯ ತುದಿಯಿಂದ ನಂದಿಯನ್ನು ಕೊರೆದು ಕಾಕಾನ ಕೈಗೆ ಕೊಟ್ಟಳು. ಛಾಪಿಸಿದ ಪತ್ರಿಕೆ ನೋಡಿ ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಆ ನಂದಿ ಎದ್ದು ನಿಲ್ಲುವ ಹವಣಿಕೆಯಲ್ಲಿತ್ತು. ಒಂದು ಮುಂಗಾಲು ನೆಲದಿಂದ ಎತ್ತಿತ್ತು.

"ನಂದಿ ಕುಂದರೂದು ರೂಢಿ. ಇದ್ಯಾಕ ಏಳಾಕತ್ತೈತಿ?" ಅಂದ ದೊಡ್ಡಪ್ಪ.

"ಕುಂತು ಕುಂತು ಕಾಲ ಹಿಡದಾವಣ್ಣಾ ಅದರವು" ಅಂದಳು ಅತ್ತಿ ಒಳಗಿನಿಂದ.

ಆಷಾಢದಲ್ಲಿ ಲಗ್ನಗಳಿರುವುದಿಲ್ಲ, ಯಂತ್ರಕ್ಕೆ ಕೆಲಸ ಇರುವುದಿಲ್ಲ. ಕತ್ತರಿಸಿ ಉಳಿದ ಪತ್ರಿಕೆಯ ಕಾಗದ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಕಾಕಾನಿಗೆ ಬಸ್‌ಸ್ಟ್ಯಾಂಡಿನ ಅಂಗಡಿಯ ಚಿತ್ರಪುಸ್ತಕಗಳ ಹುಚ್ಚು. ಮುಖವಾಡದವರು, ಹಾರುವವರು, ಗೋಡೆ ಒಡೆಯುವವರು ಎಲ್ಲರೂ ಬೇರೆ ದೇಶದವರು, ಬೇರೆ ಭಾಷೆಯಿಂದ ಬಂದವರು. "ಅಕ್ಕಾ, ನಮ್ಮ ಕಡಿಯಾಂವ ಒಬ್ಬನ್ನ ಮಾಡೂಣು" ಎಂದು ಅವನೇ ಮೊದಲು ಅಂದದ್ದು. ಅತ್ತಿ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಪಾಟಿಯ ಮೇಲೆ ಅವನನ್ನು ಬರೆದು ತೋರಿಸಿದಳು. ಕುಳ್ಳಗೆ, ದಪ್ಪ ತೊಡೆಯ ಒಬ್ಬ ಪೈಲವಾನ. ಲಂಗೋಟಿ, ತಲೆಗೆ ಒದ್ದೆ ವಸ್ತ್ರ, ಮೈಯೆಲ್ಲ ನೀರು ತೊಟ್ಟಿಕ್ಕುತ್ತಿದೆ. ಹೆಸರು ಜಲಮಲ್ಲ.

ಜಲಮಲ್ಲ ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದ ಒಂದು ಊರಿನವನು. ಊರು ಬಿಟ್ಟು ಎಲ್ಲರೂ ಹೋದರೂ ಅವನು ಹೋಗಲಿಲ್ಲ, ನೀರಿನಡಿಯ ಗರಡಿಮನೆಯಲ್ಲೇ ಉಳಿದ. ನೀರು ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೆ ಅವನು ಹೋಗಬಲ್ಲ. ಕಾಲುವೆಯಲ್ಲಿ ಬಂದು ಬಾವಿಯಲ್ಲಿ ಏಳುತ್ತಾನೆ, ಗೋಕಾಕ ಫಾಲ್ಸಿನ ಮೇಲಿಂದ ಧುಮುಕಿ ನೂಲಿನ ಗಿರಣಿಯ ಹಿಂದೆ ಕಾಣಿಸಿಕೊಳ್ಳುತ್ತಾನೆ. ಆದರೆ ನೀರು ನಿಂತಲ್ಲಿ ಅವನೂ ನಿಲ್ಲಬೇಕು. ಕಾಲುವೆಗೆ ನೀರು ಬಿಡದ ವಾರಗಳಲ್ಲಿ ಅವನಿಗೆ ಕೈ ಎತ್ತುವ ಶಕ್ತಿಯೂ ಇರುವುದಿಲ್ಲ. ವೈರಿಯ ಹೆಸರು ಚಾವಿರಾಯ. ಕಾಲುವೆಯ ಎಲ್ಲ ಗೇಟುಗಳ ಚಾವಿ ಇವನ ಸೊಂಟದಲ್ಲಿ. ಇಡೀ ಕಥೆಯಲ್ಲಿ ಅವನೊಮ್ಮೆಯೂ ಕೈ ಮಾಡುವುದಿಲ್ಲ, ಸಿಟ್ಟಾಗುವುದಿಲ್ಲ; ನಗುತ್ತ ಬಂದು ಗೇಟು ಇಳಿಸಿ ಹೋಗುತ್ತಾನೆ.

ಮೊದಲ ಸಂಚಿಕೆಯ ಹೊದಿಕೆಗೆ ಹೆಸರು ಹಾಕುವಾಗ ಪಡಸಾಲೆಯಲ್ಲಿ ಮಾತಾಯಿತು. ಕಾಕಾ ಮೊಳೆಗಳಲ್ಲಿ 'ನೀಲವ್ವ' ಎಂದು ಕೂಡಿಸಿ ಇಟ್ಟಿದ್ದ. ದೊಡ್ಡಪ್ಪ ಅದನ್ನು ನೋಡಿ, ಸಿಟ್ಟಿಲ್ಲದೆಯೇ, "ಈ ಪುಸ್ತಕ ಕೊಣ್ಣೂರಿಗೂ ಹೋಗತೈತಿ. ಗಂಡನ ಮನಿ ಬಿಟ್ಟ ಬಂದಾಕಿ ಇಂಥಾದ ಮಾಡಕೊಂತ ಕುಂತಾಳ ಅಂತ ಅಂದ್ರ ನಾ ಏನ ಹೇಳಲಿ?" ಅಂದ. ಅತ್ತಿಯೇ ಕೊನೆಗೆ "ಚನ್ನೂನ ಹೆಸರ ಹಾಕ್ರಿ. ಮೊಳಿ ಕೂಡಸಾಂವ ಅಂವನ ಅಲ್ಲಾ" ಅಂದಳು. ಕಾಕಾ ಆ ಮೂರು ಅಕ್ಷರ ಬಿಚ್ಚಿ ಖಾನೆಗಳಿಗೆ ಹಾಕಿ, 'ಕಥೆ–ಚಿತ್ರ: ಚನ್ನಪ್ಪ' ಎಂದು ಕೂಡಿಸಿದ. ನಾನು ಆಗ ಮೂರನೆಯ ಇಯತ್ತೆ. ಹೆಸರು ಅಂದರೆ ಏನು ಮಹಾ ಅನ್ನಿಸಿತ್ತು. ಚಿತ್ರ ತೆಗೆಯುವವಳು ಅತ್ತಿ ಎಂದು ಮನೆಯವರಿಗೆಲ್ಲ ಗೊತ್ತಿತ್ತಲ್ಲ.

ಜಲಮಲ್ಲ ಹದಿನಾರು ಪುಟದ ಸಣ್ಣ ಪುಸ್ತಕ, ಲಗ್ನಪತ್ರಿಕೆಯ ಅಳತೆಯದು. ಕಪ್ಪು ಒಂದು ಸಲ, ನೀರಿಗೆ ನೀಲಿ ಇನ್ನೊಂದು ಸಲ. ಮೂಡಲಗಿ, ಗೋಕಾಕ, ಹುಕ್ಕೇರಿಯ ಬಸ್‌ಸ್ಟ್ಯಾಂಡುಗಳಲ್ಲಿ ಹಗ್ಗಕ್ಕೆ ಸಿಕ್ಕಿಸಿ ಮಾರುತ್ತಿದ್ದರು. ಎರಡನೆಯ ಸಂಚಿಕೆ ಇರುವೆ ಹತ್ತಿದ ಅಂಟಿನಿಂದಾಗಿ ಪುಟ ಬಿಡುತ್ತಿತ್ತು. ಮೂರನೆಯದರಲ್ಲಿ ನೀಲಿ ಬಣ್ಣ ಕೂಡಬೇಕಾದಲ್ಲಿ ಕೂಡದೆ ಒಂದು ಬೆರಳು ಸರಿದು, ಕಾಲುವೆಯ ನೀರೆಲ್ಲ ದಂಡೆ ಮೀರಿ ಹೊಲಕ್ಕೆ ನುಗ್ಗಿದಂತೆ ಕಂಡಿತು. ಕಾಕಾ ತಲೆಯ ಮೇಲೆ ಕೈ ಹೊತ್ತು ಕೂತ, ಓದಿದವರೋ ಮಹಾಪೂರದ ಚಿತ್ರ ಬಹಳ ಚೆನ್ನಾಗಿ ಬಂದಿದೆ ಎಂದು ಕಾಗದ ಬರೆದರು. ಐದನೆಯದು ಚುನಾವಣೆಯ ಚೀಟಿಗಳ ಗದ್ದಲದಲ್ಲಿ ಎರಡು ತಿಂಗಳು ತಡವಾಯಿತು. ಬೆಂಗಳೂರಿಗಾಗಲೀ ಧಾರವಾಡಕ್ಕಾಗಲೀ ಜಲಮಲ್ಲ ಹೋಗಲಿಲ್ಲ. ಘಟಪ್ರಭೆಯ ನೀರು ಹರಿಯುವ ನೆಲದಾಚೆ, ಮುಂದೆ ಹುಬ್ಬಳ್ಳಿಯಿಂದ ಬಂದ ಒಬ್ಬನನ್ನು ಬಿಟ್ಟರೆ, ಅವನ ಹೆಸರು ಕೇಳಿದವರು ನನಗೆ ಇವತ್ತಿಗೂ ಸಿಕ್ಕಿಲ್ಲ.

ಅತ್ತಿ ಬರೆದ ಜಾಗಗಳನ್ನು ಅವಳು ನೋಡಿರಲಿಲ್ಲ. ಫಾಲ್ಸನ್ನು ಮಾತ್ರ ಮದುವೆಯಾಗಿ ಕೊಣ್ಣೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಸೆರಗಿನ ಸಂದಿಯಲ್ಲಿ ಕಂಡಿದ್ದಳಂತೆ. ಉಳಿದದ್ದೆಲ್ಲ ಕೇಳಿ ತಿಳಿದದ್ದು. ನಾಲ್ಕನೆಯ ಇಯತ್ತೆಯಲ್ಲಿ ಶಾಲೆಯಿಂದ ಹಿಡಕಲ್ ಡ್ಯಾಮಿಗೆ ನಮ್ಮನ್ನು ಕರೆದೊಯ್ದರು. ತಿರುಗಿ ಬಂದ ಸಂಜೆ ಅತ್ತಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಗೇಟಿನ ಕಬ್ಬಿಣ ತೋಯ್ದಾಗ ಕಪ್ಪಗಿರುತ್ತದೋ ಕೆಂಪಗೋ? ಮೇಲೆ ನಿಂತರೆ ನೀರಿನ ಸದ್ದು ಕಾಲಿಗೆ ತಿಳಿಯುತ್ತದೋ ಕಿವಿಗೋ? ಆ ಕಡೆ ದಂಡೆಯಲ್ಲಿ ಮನುಷ್ಯರು ಎಷ್ಟು ಸಣ್ಣಗೆ ಕಾಣುತ್ತಾರೆ, ಕಡಲೆಕಾಳಷ್ಟೋ ಸಾಸಿವೆಯಷ್ಟೋ? ನಾನು ಡ್ಯಾಮಿನ ಮೇಲೆ ಗೆಳತಿಯರೊಂದಿಗೆ ಚುರುಮುರಿ ತಿಂದದ್ದು ಬಿಟ್ಟರೆ ಏನೂ ನೋಡಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ ಏನೇನೋ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆರನೆಯ ಸಂಚಿಕೆಯ ಡ್ಯಾಮು ನಾನು ಹೇಳಿದ ಸುಳ್ಳುಗಳಿಂದ ಕಟ್ಟಿದ್ದು.

ಕಾಗದಗಳು ಬರತೊಡಗಿದವು. ಎಲ್ಲವೂ ಕಾಕಾನ ಹೆಸರಿಗೆ. ಮಧ್ಯಾಹ್ನ ಯಂತ್ರ ನಿಲ್ಲಿಸಿ ಕಾಕಾ ಪಡಸಾಲೆಯಲ್ಲಿ ಕೂತು ದೊಡ್ಡ ದನಿಯಲ್ಲಿ ಓದುತ್ತಿದ್ದ. ಅತ್ತಿ ಅಡಿಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದಳು. ಮೆಚ್ಚುವ ಮಾತು ಬಂದಾಗ ಬಿಡಿಸುವ ಕೈ ನಿಲ್ಲುತ್ತಿತ್ತು. ಒಂದು ದಿನ ಗೋಕಾಕ ಫಾಲ್ಸಿನ ಗಿರಣಿಯ ಒಬ್ಬ ಕೆಲಸಗಾರ ಕಾಗದ ಬರೆಯದೆ ತಾನೇ ಬಂದುಬಿಟ್ಟ. ಐವತ್ತರ ಆಸುಪಾಸಿನವನು. ಯಂತ್ರಗಳ ಸದ್ದಿನಲ್ಲಿ ಕಿವಿ ಮಂದವಾಗಿತ್ತು, ಹಾಗಾಗಿ ಕೂಗಿ ಮಾತಾಡುತ್ತಿದ್ದ. "ಮಕ್ಕಳ ಪುಸ್ತಕಂತಾರ್ರಿ, ನಾ ಓದತೇನಿ. ಜಲಮಲ್ಲ ತೊಯ್ದ ಅರಿವಿ ಮ್ಯಾಲ ಕೆಲಸಾ ಮಾಡತಾನ, ನಮ್ಮ ಗಿರಣ್ಯಾಗ ನಾವು ಮಾಡಿದಂಗ. ಇದನ್ನ ಹೊರಗಿನಾಂವ ಬರದಿಲ್ಲ, ಒಳಗ ಇದ್ದಾಂವ ಬರದಾನ ಅಂತ ನಮ್ಮ ಮಂದಿಗೆ ಹೇಳಿದೆ. ಎಲ್ಲಿ, ನಿಮ್ಮ ಕೈ ತೋರಸ್ರಿ" ಅಂದ. ಕಾಕಾ ಕೈ ಚಾಚಿದ. ಆತ ಅದನ್ನು ಎರಡೂ ಕೈಗಳಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ. ಪ್ರತಿ ಮಾತೂ ಬಚ್ಚಲಿನತನಕ ಕೇಳಿಸಿತ್ತು. ಆತ ಹೋದ ಮೇಲೆ ಕಾಕಾ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ. ಅತ್ತಿ ತಾಟಿಗೆ ರೊಟ್ಟಿ ಹಾಕಿ ಕರೆದರೆ ಹಸಿವಿಲ್ಲ ಅಂದ.

ಏಳನೆಯ ಸಂಚಿಕೆಯಲ್ಲಿ ಚಾವಿರಾಯ ಜಲಮಲ್ಲನನ್ನು ಹಿಡಿದ. ಕಾಲುವೆ ಒಂದು ಹಳ್ಳದ ಕೆಳಗೆ ಹಾದುಹೋಗುವಲ್ಲಿ ನೆಲದೊಳಗೆ ಒಂದು ದೊಡ್ಡ ಕೊಳವೆ ಇರುತ್ತದಲ್ಲ, ಅದರೊಳಗೆ ಜಲಮಲ್ಲ ಇರುವಾಗ ಆಚೆಯ ಗೇಟು, ಈಚೆಯ ಗೇಟು ಎರಡನ್ನೂ ಇಳಿಸಿಬಿಟ್ಟ. ಕೊನೆಯ ಪುಟ ಪೂರ್ತಿ ಕಪ್ಪು. ನಡುವೆ ಎದೆಮಟ್ಟ ನಿಂತ ನೀರಿನ ಒಂದು ನೀಲಿ ಗೆರೆ, ಅದರ ಮೇಲೆ ಎರಡು ಕಣ್ಣು. ಅಷ್ಟು ಕಪ್ಪಿಗೆ ಶಾಯಿ ಹೆಚ್ಚು ಹಿಡಿಯುತ್ತದೆಂದು ದೊಡ್ಡಪ್ಪ ಗೊಣಗಿದರೂ ಛಾಪಿಸಿದ. ಆ ಪುಟ ಬಂದ ಮೇಲೆ ಕಾಗದಗಳು ಹೆಚ್ಚಾದವು. ಎಲ್ಲರದೂ ಒಂದೇ ಪ್ರಶ್ನೆ, ಅವನು ಹೊರಗೆ ಬರುತ್ತಾನೋ ಇಲ್ಲವೋ.

ಅದೇ ತಿಂಗಳು ಹುಬ್ಬಳ್ಳಿಯಿಂದ ಒಬ್ಬ ಪ್ರಕಾಶಕ ಬಂದ. ಬಿಳಿ ಸಫಾರಿ, ಕೈಯಲ್ಲಿ ನಮ್ಮ ಏಳೂ ಸಂಚಿಕೆ. ಬಣ್ಣದಲ್ಲಿ ಛಾಪಿಸಿ ನಾಡಿನ ತುಂಬ ಹಂಚುತ್ತೇನೆ ಅಂದ. ಒಳ್ಳೆಯ ಮನುಷ್ಯನೇ, ಪುಟ ತಿರುಗಿಸುವಾಗ ಅಂಚು ಮಡಿಚದಂತೆ ಎಚ್ಚರದಿಂದ ತಿರುಗಿಸುತ್ತಿದ್ದ. ಯಾವುದರಿಂದ ಕೊರೆಯುತ್ತೀರಿ ಎಂದು ಕೇಳಿದ. ಕಾಕಾ "ಉಳಿ" ಅಂದ. ಪ್ರಕಾಶಕ ಒಂದು ಗಳಿಗೆ ಪುಟದ ಮೇಲಿನ ತೆಳು ಗೆರೆಗಳನ್ನು ನೋಡಿದ, ಕಾಕಾನ ಬೆರಳುಗಳನ್ನು ನೋಡಿದ, ಮತ್ತೆ ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿ ನಕ್ಕ.

"ಏನವಾ ತಂಗಿ, ಈ ಚಿತ್ರಾ ಖರೇನ ನಿಮ್ಮ ಕಾಕಾನ ತೆಗೀತಾನೇನು?"

ದೊಡ್ಡಪ್ಪ ಮೇಜಿನ ಕಡೆ ನೋಡುತ್ತಿದ್ದ. ಕಾಕಾ ನನ್ನ ಕಡೆ ನೋಡುತ್ತಿದ್ದ. ಆ ನೋಟದಲ್ಲಿ ಹೇಳು ಎಂದಿತ್ತೋ ಬೇಡ ಎಂದಿತ್ತೋ ನನಗೆ ಈಗಲೂ ಗೊತ್ತಾಗಿಲ್ಲ. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಅತ್ತಿಯ ಸೀರೆಯ ಅಂಚು ಕಾಣುತ್ತಿತ್ತು. "ಹೌದ್ರಿ, ನಮ್ಮ ಕಾಕಾನ ತೆಗೀತಾನ್ರಿ" ಅಂದೆ. ಬಹಳ ಸ್ಪಷ್ಟವಾಗಿ, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಅಂದೆ. ಪ್ರಕಾಶಕ ನನ್ನ ತಲೆ ನೇವರಿಸಿದ. ಆ ಸಂಜೆ ಅತ್ತಿ ಎಂದಿನಂತೆ ನನ್ನ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿದಳು. "ಬರೋಬ್ಬರಿ ಹೇಳಿದಿ" ಅಂದಳು. ಅವಳ ಬೆರಳು ಎಂದಿಗಿಂತ ಬಿಗಿಯಾಗೇನೂ ಇರಲಿಲ್ಲ. ಬಿಗಿಯಾಗಿದ್ದರೆ ನನಗೆ ಇಷ್ಟು ವರ್ಷ ಅದು ಉಳಿಯುತ್ತಿರಲಿಲ್ಲವೇನೋ.

ಹದಿನೈದು ದಿನಕ್ಕೆ ಕಾಕಾನನ್ನು ಹುಬ್ಬಳ್ಳಿಗೆ ಕರೆಸಿಕೊಂಡರು. ಎರಡು ದಿನದ ಮೇಲೆ ತಿರುಗಿ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಪಡಸಾಲೆಯಲ್ಲಿ ಕೂತ. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಅಲ್ಲಿ ಅವನಿಗೆ ಬಹಳ ಮರ್ಯಾದೆ ಮಾಡಿದರಂತೆ. ಆಮೇಲೆ ಅವನ ಮುಂದೆ ಕಾಗದ, ಕುಂಚ, ಶಾಯಿ ಇಟ್ಟು, "ಸುಮ್ನ ಒಬ್ಬ ಮಲ್ಲನ್ನ ತೆಗೀರಿ, ನಮ್ಮ ಕಲಾವಿದರು ನೋಡಲಿ" ಅಂದರಂತೆ. ಸುತ್ತಲೂ ನಾಲ್ಕೈದು ಜನ ನಿಂತಿದ್ದರಂತೆ. ಕಾಕಾ ಬೆರಳಿಗೆ ಗಾಯವಾಗಿದೆ ಅಂದ. ಹಾಗಾದರೆ ಒಂದು ತಿಂಗಳು ಇಲ್ಲಿಯೇ ಉಳಿಯಿರಿ, ವಾಸಿಯಾದ ಮೇಲೆ ತೆಗೆಯುವಿರಂತೆ ಅಂದರು. ಅದಕ್ಕೂ ಆಗುವುದಿಲ್ಲ ಅಂದ. ಅದೂ ಆಗದಿದ್ದರೆ ಜಲಮಲ್ಲನನ್ನೇ ನಮಗೆ ಬರೆದುಕೊಡಿ, ನಮ್ಮವರು ತೆಗೆಯುತ್ತಾರೆ ಅಂದರು. ಆ ಕೋಣೆಯಿಂದ ಎದ್ದು ಬರಲು ಬೇರೆ ದಾರಿ ಕಾಣದೆ ಕಾಕಾ ಸಹಿ ಹಾಕಿದ್ದ.

ಅತ್ತಿ ಅಂದು ಪಡಸಾಲೆಗೆ ಬಂದು ಅವನ ಎದುರು ಕೂತಳು. ದೊಡ್ಡವ್ವ ಒಳಗೆ ನಡಿ ಅನ್ನಲಿಲ್ಲ.

"ಖರೇ ಹೇಳೂದಿತ್ತಲ್ಲೋ ಚನ್ನೂ."

"ಹೆಂಗ ಹೇಳಲೆಕ್ಕಾ? ಏಳು ಪುಸ್ತಕದ ಮ್ಯಾಲ ನನ್ನ ಹೆಸರೈತಿ. ಕಳ್ಳಂತಿದ್ರು."

ಅತ್ತಿ ಕರಾರಿನ ಕಾಗದ ತೆಗೆದುಕೊಂಡು ನಿಧಾನವಾಗಿ ಓದಿದಳು. ಇಂಗ್ಲಿಷಿನ ಸಾಲುಗಳನ್ನು ಬೆರಳಿನಿಂದ ದಾಟಿಸಿ ಕನ್ನಡದ್ದಷ್ಟೇ ಓದಿದಳು.

"ಇನ್ನ ಮ್ಯಾಲ ನಾ ಅವನ್ನ ತೆಗಿಯೂ ಹಂಗಿಲ್ಲೇನು?"

ಕಾಕಾ ತಲೆ ಎತ್ತಲಿಲ್ಲ. "ಇಲ್ಲಂತ ಬರದಾರಕ್ಕಾ."

ಆಗ ಎಂಟನೆಯ ಸಂಚಿಕೆಯ ಅರ್ಧ ಕೊರೆದು ಮುಗಿದಿತ್ತು. ತುಂಡುಗಳು ಅವಳ ಕೋಣೆಯಲ್ಲಿ ಹಿಟ್ಟಿನ ಡಬ್ಬಿಯಲ್ಲಿದ್ದವು. ಮರುದಿನ ದೊಡ್ಡಪ್ಪ, ಅವನೂ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವೇನೋ, ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, "ನೀಲಾ, ಹೆಸರ ಬದಲಿ ಮಾಡು. ಬ್ಯಾರೆ ಒಬ್ಬನ್ನ ತೆಗಿ. ಈ ಸಲ ಹೆಸರ ನಿಂದ ಹಾಕೂಣು" ಅಂದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬ್ಯಾರೆ ಯಾರೂ ನನಗ ಗೊತ್ತಿಲ್ಲಣ್ಣಾ" ಅಂದಳು.

ಹುಬ್ಬಳ್ಳಿಯ ಜಲಮಲ್ಲ ದೀಪಾವಳಿಗೆ ಬಂದ. ನುಣುಪು ಕಾಗದ, ಆರು ಬಣ್ಣ. ಎತ್ತರದ ಆಳು, ತೆಳು ಸೊಂಟ, ನೀಲಿ ಮೈ, ಬೆನ್ನಿಗೆ ಕೆಂಪು ವಸ್ತ್ರ. ಮೊದಲ ಪುಟದಲ್ಲೇ ಆ ಕೊಳವೆಯನ್ನು ಒಂದು ಗುದ್ದಿಗೆ ಒಡೆದು ಆಕಾಶಕ್ಕೆ ಹಾರಿಬಿಟ್ಟಿದ್ದ. ಚಾವಿರಾಯನ ಜಾಗಕ್ಕೆ ಬೇರೆ ಗ್ರಹದಿಂದ ಬಂದ ಒಬ್ಬ ರಾಕ್ಷಸ ಇದ್ದ. ನಾವು ಮಕ್ಕಳು ಆಸೆಯಿಂದಲೇ ಓದಿದೆವು. ಬಣ್ಣ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಅತ್ತಿ ಒಮ್ಮೆ ತಿರುವಿ ಹಾಕಿ ನನ್ನ ಕೈಗೆ ಕೊಟ್ಟಳು. "ಹಾರಾಕ ಬರತೈತಂದ್ರ ಅವಂಗ ಚಿಂತಿ ಏನೈತಿ?" ಅಂದಳು. ಗೋಕಾಕ, ಹುಕ್ಕೇರಿಯ ಬಸ್‌ಸ್ಟ್ಯಾಂಡುಗಳಲ್ಲಿ ಆ ಪುಸ್ತಕ ಹಗ್ಗದಿಂದ ಇಳಿಯಲೇ ಇಲ್ಲ. ಹೊರಗಿನವರಿಗೆ ಅವನು ಹಾರುವ ನೂರು ಜನರ ಜೊತೆ ನೂರಾ ಒಂದನೆಯವನು, ನಮ್ಮವರಿಗೆ ಅವನು ಯಾರೋ. ಮೂರು ಸಂಚಿಕೆಗೆ ನಿಂತುಹೋಯಿತು. ಆಮೇಲೆ ಹುಬ್ಬಳ್ಳಿಯ ಆ ಅಂಗಡಿಯೂ ಮುಚ್ಚಿತು. ಜಲಮಲ್ಲನನ್ನು ತಿರುಗಿ ಕೊಡಿ ಎಂದು ಕಾಕಾ ಬರೆದ ಕಾಗದಗಳು ವಿಳಾಸದಾರರಿಲ್ಲವೆಂದು ತಿರುಗಿ ಬಂದವು. ಜಲಮಲ್ಲ ಯಾರವನು ಎಂದು ಕೇಳಲಿಕ್ಕೆ ಆ ಕಡೆ ಮನುಷ್ಯರೇ ಇರಲಿಲ್ಲ. ಆದರೂ ಕಾಕಾನ ಸಹಿ ಇದ್ದ ಕಾಗದ ಇತ್ತು, ಮತ್ತು ನಮ್ಮದು ಬರೆದುಕೊಟ್ಟ ಮಾತಿಗೆ ಅಂಜುವ ಮನೆ.

ಇಲ್ಲಿಂದ ಮುಂದಿನದು ಹೇಳಲಿಕ್ಕೆ ಹೆಚ್ಚಿಲ್ಲ. ಕಾಕಾ ಮದುವೆಯಾಗಿ ಗೋಕಾಕದಲ್ಲಿ ಬೇರೆ ಮನೆ ಮಾಡಿದ. ಅವನ ಮಗಳು ಶೈಲಾ ತನ್ನ ಅಪ್ಪ ಒಂದು ಕಾಲಕ್ಕೆ ಚಿತ್ರಪುಸ್ತಕ ಮಾಡುತ್ತಿದ್ದನೆಂದು ಶಾಲೆಯಲ್ಲಿ ಹೇಳಿಕೊಂಡು ಬೆಳೆದಳು. ಕಾಕಾ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಆ ಮಾತು ಬಂದಾಗ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಕೊನೆಯವರೆಗೂ ಹಾಗೆಯೇ ಇದ್ದು ತೀರಿಕೊಂಡ. ಸೀಸದ ಮೊಳೆಗಳು ತೂಕಕ್ಕೆ ಹೋದವು, ಯಂತ್ರವನ್ನು ಗುಜರಿಯವರು ಒಡೆದು ಒಯ್ದರು. ಮುಂದಿನ ಭಾಗದಲ್ಲಿ ದೊಡ್ಡಪ್ಪನ ಮಗ ಮೊಬೈಲ್ ಅಂಗಡಿ ಹಾಕಿದ. ಕೊಣ್ಣೂರಿನ ಆ ಗಂಡ ಸತ್ತ ಸುದ್ದಿ ಬಂತು, ಅತ್ತಿ ತಲೆ ಮೇಲೆ ನೀರು ಹಾಕಿಕೊಂಡಳು. ಅವಳಿಗೆ ಒಳಗೆ ನಡಿ ಅನ್ನುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹೋದರು. ಹೊರಗೆ ಹೋಗಬೇಡ ಅನ್ನುವವರು ಯಾರೂ ಉಳಿಯಲಿಲ್ಲ. ಆದರೂ ಪಡಸಾಲೆಗೆ ಯಾರಾದರೂ ಬಂದರೆ ಅವಳು ಎದ್ದು ಹೋಗುತ್ತಿದ್ದಳು.

ಹುಕ್ಕೇರಿಗೆ ನನಗೆ ವರ್ಗವಾದ ಮೇಲೆ ಎಷ್ಟು ಸಲ ಕರೆದೆ. "ಬಾ ಅತ್ತಿ, ಹಿಡಕಲ್ ಭಾಳ ದೂರಿಲ್ಲ, ಡ್ಯಾಮ ನೋಡಕೊಂಡ ಬರೂಣು" ಅನ್ನುತ್ತಿದ್ದೆ. ಮೊಣಕಾಲು ನೋವು ಅನ್ನುತ್ತಿದ್ದಳು. ಒಂದು ಸಲ ಕಾರು ತೆಗೆದುಕೊಂಡೇ ಹೋದೆ. ಒಳ್ಳೆಯ ಸೀರೆ ಉಟ್ಟು, ಮುಂದಿನ ಬಾಗಿಲವರೆಗೆ ನನ್ನ ಭುಜ ಹಿಡಿದು ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ರಸ್ತೆಯನ್ನು ಆ ಕಡೆ ಈ ಕಡೆ ನೋಡಿದಳು. "ಎಷ್ಟ ಗಾಡಿ ಆಗ್ಯಾವು" ಅಂದಳು. ಆಮೇಲೆ ತಿರುಗಿ ಒಳಗೆ ಹೋಗಿ ಸೀರೆ ಬದಲಿಸಿದಳು. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೆಂದು ಕೆಲವು ದಿನ ಅನ್ನಿಸುತ್ತದೆ.

ಅವತ್ತೇ ಕೇಳಿದ್ದು: ಎಂಟನೆಯ ಸಂಚಿಕೆಯಲ್ಲಿ ಅವನು ಹೇಗೆ ಹೊರಗೆ ಬರುತ್ತಿದ್ದ? ಡಬ್ಬಿಯಲ್ಲಿದ್ದ ತುಂಡುಗಳು ಅಷ್ಟರಲ್ಲಿ ಬಿರಿದು ಪುಡಿಯಾಗಿದ್ದವು. ಅತ್ತಿ ಅಕ್ಕಿಯ ಮೊರ ಪಕ್ಕಕ್ಕಿಟ್ಟಳು.

"ಹೊರಗ ಬರತಿದ್ದಿಲ್ಲ" ಅಂದಳು. "ಒಳಗ ನಿಂತಾಗ ಅವಂಗ ಗ್ವಾಡಿ ಬಡದ ಸಪ್ಪಳ ಕೇಳತೈತಿ. ಆ ಬಾಜೂನೂ ಯಾರೋ ಒಬ್ರು ಸಿಕ್ಕೊಂಡಾರ. ಅಲ್ಲೀತನಾ ಕೊರದಿದ್ದೆ."

"ಯಾರದು?"

"ಗೊತ್ತಿಲ್ಲ. ಕೊರದ ಮ್ಯಾಲ ಗೊತ್ತಾಗತಿತ್ತು."

ಕಳೆದ ಮಾಗಿಯಲ್ಲಿ ಅತ್ತಿ ಲಿಂಗೈಕ್ಯಳಾದಳು. ಜ್ವರ ಬಂದು ಮೂರನೆಯ ದಿನ. ಆರಾಧನೆಯ ಕಾರ್ಡು ಮಾಡಿಸಲು ನಾನೇ ಗೋಕಾಕಕ್ಕೆ ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು ಹೆಸರು ಹೊಡೆದು, "ಹೆಸರಿನ ಕೆಳಗ ಏನ ಹಾಕ್ಲಿ ಅಕ್ಕಾರ? ನಿವೃತ್ತ ಶಿಕ್ಷಕಿ ಅಂತ, ಏನರೆ ಇರತೈತಲ್ಲಾ" ಅಂದಳು. ನಾನು ಹೇಳಿದೆ. ಅವಳು ಹೊಡೆದಳು: 'ಲಿಂ. ನೀಲವ್ವ, ಚಿತ್ರಗಾರ್ತಿ, ಜಲಮಲ್ಲ ಪುಸ್ತಕಮಾಲೆ'. ಅಷ್ಟು ಸುಲಭವಾಗಿ ಆಗಿಹೋಯಿತು.

ಕಾರ್ಡು ಮುಟ್ಟಿದ ದಿನವೇ ಶೈಲಾ ಫೋನ್ ಮಾಡಿದಳು. "ಅಕ್ಕಾ, ಕಾರ್ಡಿನ್ಯಾಗ ತಪ್ಪ ಬಿದ್ದೈತಿ ನೋಡ. ಅಪ್ಪಾಂದು ಅತ್ತಿ ಹೆಸರಿನ ಕೆಳಗ ಬಂದೈತಿ." ತಪ್ಪಲ್ಲ ತಂಗಿ, ಆರಾಧನೆಗೆ ಒಂದು ತಾಸು ಮೊದಲೇ ಬಾ ಅಂದೆ.

ಅವಳು ಬಂದಳು. ಬಚ್ಚಲಿನ ಪಕ್ಕದ ಕೋಣೆಯಲ್ಲಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ನಾನು ಪ್ರಕಾಶಕನಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಶೈಲಾ ಕೈಚೀಲದಿಂದ ಏಳು ಸಂಚಿಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಅಪ್ಪನ ಟ್ರಂಕಿನಲ್ಲಿ ಇದ್ದವು. ಹೊದಿಕೆಯ ಮೇಲಿನ ಹೆಸರನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

"ಹಂಗಾದ್ರ ಅಪ್ಪಾ ಏನ ಮಾಡತಿದ್ದ?" ಅಂದಳು.

"ಮೊಳಿ ಕೂಡಸ್ತಿದ್ದ. ಜಲಮಲ್ಲನ ಬಾಯಾಗಿನ ಮಾತೆಲ್ಲಾ ನಿಮ್ಮಪ್ಪನ ಕೈಲೆ ಕೂಡಿದ್ದು. ಒಂದ ಅಕ್ಷರ ತಪ್ಪಿಲ್ಲ, ಬೇಕಾರ ನೋಡು."

ಅವಳು ನಿಜವಾಗಿಯೂ ನೋಡಿದಳು. ಮೊದಲ ಸಂಚಿಕೆ ತೆರೆದು, ಬೆರಳಿಟ್ಟು, ಪ್ರತಿ ಸಾಲನ್ನೂ ಓದಿದಳು. ನಾನು ಪಕ್ಕದಲ್ಲಿ ಕೂತಿದ್ದೆ. ಆಮೇಲೆ ಪಡಸಾಲೆಯಿಂದ ಊಟಕ್ಕೆ ಕರೆದರು. ಇಬ್ಬರೂ ಎದ್ದು ಹೋಗಿ ಎಲೆ ಹಾಕಿದಲ್ಲಿ ಕೂತೆವು. ಬೇಸಿಗೆಗೆ ಮನೆ ಕೆಡವಿ ಅಂಗಡಿಗಳನ್ನು ಕಟ್ಟುವವರಿದ್ದರು. ಆ ಮನೆಯಲ್ಲಿ ನಾವೆಲ್ಲ ಸಾಲಾಗಿ ಕೂತು ಉಂಡದ್ದು ಅದೇ ಕೊನೆ.